ಕೌದಿ ಹೊದ್ದ ಚಂದ್ರವ್ವ

೪ ಆಗಸ್ಟ್ ೨೦೨೫, ಸೋಮವಾರ. ಬಸವಕಲ್ಯಾಣ

ಬಾರಿಸಿರಿ ಮೂರನೇ ಗಂಟೆ! ಸರಿಯಲಿ ತೆರೆ! ಹುಮನಾಬಾದಿನ ಗಂಟಲು ಡಾಕ್ಟರೊಬ್ಬ ಇಂದು ಈ ಪಂಡರಿ ಮಾಸ್ತರನ ಬಾಯಿಗೆ ಬೀಗ ಜಡಿದ ವಾರ್ತೆಯನ್ನು ತುಂಬಿದ ಸಭೆಗೆ ಅರುಹುತ್ತಿದ್ದೇನೆ. ಸಭೆ ಎಲ್ಲಿದೆ? ಈ ಡೈರಿಯೇ ಸಭೆ. ಬೀಜದ ಅಂಗಡಿಯವರು ಜನವರಿಯಲ್ಲಿ ಪುಕ್ಕಟೆ ಕೊಟ್ಟದ್ದು. ಇಲ್ಲೀತನಕ ಒಂದು ಹಾಳೆ ಮಗುಚಿರಲಿಲ್ಲ. ಬಾಯಿ ಇದ್ದವನಿಗೆ ಡೈರಿ ಯಾಕೆ?

"ದನಿಪಟ್ಟಿ ಮ್ಯಾಲ ಗಂಟಾಗ್ಯಾವರಿ," ಅಂದ ಡಾಕ್ಟರ. "ಮೂರು ವಾರ ಮಾತು ಪೂರಾ ಬಂದ್. ಇಲ್ಲಾಂದ್ರ ದನಿ ಹೋದದ್ದು ಹೋದಂಗೇ."

"ಹೋದಂಗ ಅಂದ್ರ?" ಅಂತ ಕೇಳಿದೆ. ಆ ಎರಡು ಮಾತೇ ಹರಿದ ತಗಡಿನಂಗೆ ಸಪ್ಪಳ ಮಾಡಿದವು.

ಈ ದನಿ, ಸಭಾಸದರೇ! ನಮ್ಮ ಕಲ್ಯಾಣ ವಿಲಾಸ ಕಂಪನಿ ಹುಮನಾಬಾದಿನಲ್ಲಿ ತಂಬು ಹೊಡೆದಾಗ, ರುದ್ರಸೇನ ಮಹಾರಾಜನ ವೇಷದಲ್ಲಿ ನಾನು "ಯಾರಲ್ಲಿ!" ಅಂದರೆ ಪಕ್ಕದ ಹುಡಗಿ ಎಂಬ ಊರಿನಲ್ಲಿ ಕಟ್ಟಿದ ಎತ್ತು ಎದ್ದು ನಿಲ್ಲುತ್ತಿದ್ದವಂತೆ. ಮೈಕು ಕೆಟ್ಟರೆ ಮಾಲಕರು ನನ್ನ ಕಡೆ ನೋಡಿ ಕೈ ಮುಗಿಯುತ್ತಿದ್ದರು. ಕೊನೆಯ ಅಂಕದಲ್ಲಿ ರುದ್ರಸೇನ ಸತ್ತು ಬಿದ್ದಾಗ ಜನ "ಒನ್ಸ್ ಮೋರ್!" ಅಂದರೆ, ಸತ್ತ ರಾಜ ಎದ್ದು, ಧೂಳು ಝಾಡಿಸಿ, ಮೊದಲಿನಿಂದ ಹಾಡಿ ಮತ್ತೊಮ್ಮೆ ಸಾಯಬೇಕು. ಅದು ಕಂಪನಿಯ ಕಾಯ್ದೆ. ಒನ್ಸ್ ಮೋರ್ ಬಂದ ಮೇಲೆ ಒಲ್ಲೆ ಅನ್ನುವಂಗಿಲ್ಲ.

ಈಗ ಕಂಪನಿ ಇಲ್ಲ. ನನ್ನದೊಂದು ಡ್ರೆಸ್ಸಿನ ಅಂಗಡಿ. ಕಿರೀಟ, ಗದೆ, ಗಡ್ಡ-ಮೀಸೆ ಬಾಡಿಗೆಗೆ ಕೊಡುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಜಗದೇವಿಯೂ ಕಂಪನಿಯವಳೇ. ಪ್ರಾಂಪ್ಟರ್ ಇದ್ದಳು. ಸೈಡ್ ವಿಂಗಿನ ಹಿಂದೆ ಪುಸ್ತಕ ಹಿಡಿದು ಕೂತು, ಮಾತು ಮರೆತವರಿಗೆ ಪಿಸುದನಿಯಲ್ಲಿ ಎತ್ತಿಕೊಡುವ ಕೆಲಸ.

ಇನ್ನು ಸಂಕಟ ಕೇಳಿ. ಸೆಪ್ಟೆಂಬರ್ ಹನ್ನೆರಡಕ್ಕೆ ಹುಮನಾಬಾದಿನಲ್ಲಿ ಶಾಲಾ ಮಕ್ಕಳ ವಿಜ್ಞಾನ ನಾಟಕದ ಸ್ಪರ್ಧೆ. ನಮ್ಮ ಓಣಿಯ ಹೆಣ್ಣುಮಕ್ಕಳ ಶಾಲೆಯ ಸೈಮಾ ಟೀಚರ್ ನಾಟಕ ನನ್ನಿಂದ ಬರೆಸಿದ್ದಾಳೆ. ಗುರುಗ್ರಹ, ಮತ್ತು ಅವನ ಸುತ್ತ ತಿರುಗುವ ಯುರೋಪಾ ಎಂಬ ಹಿಮದ ಚಂದ್ರ. ಚಂದ್ರನ ಪಾತ್ರ ಎಂಟನೇ ಇಯತ್ತೆಯ ಪೂನಂಳದು. ಗುರುಗ್ರಹ ರಂಗದ ಮೇಲೆ ಬರುವುದಿಲ್ಲ, ಹಿಂದಿನಿಂದ ದನಿ ಮಾತ್ರ. ಆ ದನಿ ದೊಡ್ಡವರು ಕೊಡಬಹುದು ಅಂತ ಸ್ಪರ್ಧೆಯ ನಿಯಮ. ನಮ್ಮ ಭೂಮಿಯಂಥ ಸಾವಿರದ ಮೇಲೆ ಗೋಳಗಳು ಹೊಟ್ಟೆಯಲ್ಲಿ ಹಿಡಿಸುವ ದೈತ್ಯ ಅವನು! ಅವನಿಗೆ ದನಿ ಯಾರು ಕೊಡಬೇಕು, ನಾನಲ್ಲದೆ?

ಮೂರು ವಾರ ತಾನೇ. ಇಪ್ಪತ್ತೈದಕ್ಕೆ ಬೀಗ ತೆಗೆಯುತ್ತದೆ. ಆಮೇಲೆ ಹುಡಗಿಯ ಎತ್ತುಗಳು ಹುಷಾರ್!

೬ ಆಗಸ್ಟ್, ಬುಧವಾರ

ಕೊರಳಿಗೆ ಪಾಟಿ ಕಟ್ಟಿಕೊಂಡು ತಾಲೀಮು ಮಾಡಿಸಿದೆ. ಒಂದು ಮಾತು ಬರೆದು ಮುಗಿಸುವಷ್ಟರಲ್ಲಿ ಹುಡುಗಿಯರು ಮೂರು ಮಾತು ಮುಂದೆ ಹೋಗಿರುತ್ತಾರೆ.

ಪೂನಂಳಿಗೆ ರಾಣಿಯ ಜರತಾರಿ ಕಿರೀಟ ಇಟ್ಟೆ. "ಮುತ್ಯಾ, ಇದು ಮೂಗಿನ ಮ್ಯಾಲ ಇಳೀತದ," ಅಂದಳು.

"ಮಾಸ್ತರ್ ಸಾಬ್, ಚಂದ್ರಗ ಕಿರೀಟ ಯಾಕ್ರಿ?" ಅಂದಳು ಸೈಮಾ. "ಯುರೋಪಾ ಅಂದ್ರ ಪೂರಾ ಬರ್ಫ. ಬರ್ಫಿನ ಮ್ಯಾಲ ಕಂದು ಗೆರಿ, ಬಿರುಕು. ಕೆಳಗ ಸಮುದ್ರ ಅದ ಅಂತಾರ. ನಮ್ಮ ಭೂಮಿ ಮ್ಯಾಲಿನ ಸಮುದ್ರ ಎಲ್ಲಾ ಕೂಡಿಸಿದ್ರೂ ಅಷ್ಟು ನೀರಿಲ್ಲ."

ಹೊಲಿಗೆ ಮಿಷನ್ ಮುಂದೆ ಕೂತಿದ್ದ ಜಗದೇವಿ ತಲೆ ಎತ್ತಿದಳು. "ಹಂಗಾದ್ರ ಕೌದಿ ಹೊಚ್ಚಿಕೊಂಡು ಮಲಗ್ಯಾಳನ್ರಿ ಚಂದ್ರವ್ವ? ಅಷ್ಟು ಥಂಡಿಯೊಳಗ ನೀರು ಹ್ಯಾಂಗ ಉಳೀತು?"

"ಗುರು ಎಳೀತಾನ್ರಿ ಮೌಶಿ. ಸುತ್ತ ತಿರುಗೂವಾಗ ಒಮ್ಮೆ ಹತ್ರ, ಒಮ್ಮೆ ದೂರ. ಒಮ್ಮೆ ಜಗ್ಗತಾನ, ಒಮ್ಮೆ ಸಡಲ ಬಿಡ್ತಾನ. ಹಿಟ್ಟು ನಾದಿದ್ರ ಬೆಚ್ಚಗಾಗೂದಿಲ್ಲೇನು, ಹಂಗ."

"ಅಬ್ಬಾ! ಪುರುಸೊತ್ತೇ ಇಲ್ಲ ಪಾಪ ಆಕಿಗಿ."

"ಇನ್ನೊಂದು ಕೇಳ್ರಿ. ಆಕಿ ಯಾವಾಗ್ಲೂ ಗುರು ಕಡಿ ಒಂದೇ ಮಾರಿ ಇಟ್ಟಿರ್ತಾಳ. ಆ ಕಡಿ ಮಗ್ಗಲು ಅಂವಗ ಕಾಣೂದೇ ಇಲ್ಲ."

"ಎಂದೂ ಕಂಡಿಲ್ಲ?"

"ಎಂದೂ ಇಲ್ಲ."

ಜಗದೇವಿ ಸೆರಗು ಬಾಯಿಗಿಟ್ಟು ನಕ್ಕಳು. ಇದರಲ್ಲಿ ನಗುವಂಥದ್ದು ಏನಿತ್ತೋ. ನಾನು "ಆಕೆ ಹಿಮಚಂದ್ರಮೆ! ಚಂದ್ರವ್ವ ಅಲ್ಲ!" ಅಂತ ಪಾಟಿಯ ಮೇಲೆ ದಪ್ಪಗೆ ಬರೆದು ಎತ್ತಿ ಹಿಡಿದೆ. ಯಾರೂ ನೋಡಲಿಲ್ಲ. ಬರೆದದ್ದಕ್ಕೆ ಸಪ್ಪಳ ಇಲ್ಲ, ಅದೇ ಅದರ ದೋಷ.

೯ ಆಗಸ್ಟ್, ಶನಿವಾರ

ಸಿಕ್ಕಿತು ಉಪಾಯ! ಡಾಕ್ಟರ ಬಂದ್ ಮಾಡಿದ್ದು ಮಾತನ್ನು. ಪಿಸುಗುಟ್ಟುವುದು ಮಾತು ಹೇಗಾದೀತು? ಕಂಪನಿಯಲ್ಲಿ ಪ್ರಾಂಪ್ಟರನ ದನಿಯನ್ನು ಯಾರೂ ಮಾತಿನ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ನಾಟಕದವರಿಗಲ್ಲದೆ ಈ ಸೂಕ್ಷ್ಮ ಯಾರಿಗೆ ಹೊಳೆಯುತ್ತದೆ!

ಇವತ್ತು ಮುಂಜಾನೆಯಿಂದ ಸಂಜೀತನಕ ಗುರುಗ್ರಹದ ಮಾತೆಲ್ಲ ಪಿಸುದನಿಯಲ್ಲಿ ಹೇಳಿ ಹೇಳಿ ತಾಲೀಮು ಮಾಡಿದೆ. "ಎಲೌ ಹಿಮಚಂದ್ರಮೆ! ನನ್ನ ಸೆಳೆತದಿಂದ ಪಾರಾಗುವೆಯಾ?" ಪಿಸುದನಿಯಲ್ಲೂ ಮೀಸೆ ಕುಣಿಯಿತು.

ಜಗದೇವಿ ಮಾತ್ರ, "ಹಂಗಲ್ಲರಿ ಪಿಸುಗುಡೂದು. ಗಂಟಲು ಹಿಂಡಬ್ಯಾಡ್ರಿ. ಉಸಿರಿನ ಮ್ಯಾಲ ಬಿಡಬೇಕು," ಅಂದಳು. ನನಗೇ ಪಾಠ!

೧೨ ಆಗಸ್ಟ್, ಮಂಗಳವಾರ. ಬೆಳಗು

ಸೈಮಾ ಟೀಚರ್ ನಸುಕಿನಲ್ಲೇ ಬಂದು ಬಾಗಿಲು ಬಡಿದಳು, ಕೊರಳಲ್ಲಿ ದುರ್ಬೀನು. ಪೂನಂ ಕಣ್ಣು ಉಜ್ಜುತ್ತ ಹಿಂದೆ. "ಮೋಡ ಹರದಾವ, ಬರ್ರಿ ಬರ್ರಿ, ಮಾಳಿಗಿ ಮ್ಯಾಲ!"

ಮೂಡಣದಲ್ಲಿ ಶುಕ್ರ, ಗುರು ಅಕ್ಕಪಕ್ಕ, ಒಂದೇ ವಿಂಗಿನಿಂದ ಒಟ್ಟಿಗೆ ಪ್ರವೇಶ ಮಾಡಿದ ರಾಜ-ಮಂತ್ರಿಗಳಂತೆ. ದುರ್ಬೀನು ಕಣ್ಣಿಗಿಟ್ಟರೆ ಗುರುವಿನ ಮಗ್ಗಲಲ್ಲಿ ಸಾಸಿವೆಯಂಥ ಚುಕ್ಕೆ.

"ಅದ್ರಾಗ ಒಂದು ಯುರೋಪಾ. ಯಾವುದಂತ ಕೇಳಬ್ಯಾಡ್ರಿ, ಮೊಬೈಲ್ ನೋಡಿ ಹೇಳಬೇಕಾಗ್ತದ," ಅಂದಳು ಟೀಚರ್. "ಹೋದ ವರ್ಷ ಒಂದು ನೌಕೆ ಬಿಟ್ಟಾರ ಆಕಿ ಕಡಿ. ಮುಟ್ಟೂದು ಎರಡು ಸಾವಿರದ ಮೂವತ್ತಕ್ಕ."

"ಹೋಗಿ ಬರ್ಫ ಒಡೀತದೇನು?" ಜಗದೇವಿ ಕೇಳಿದಳು.

"ಇಲ್ಲ ಮೌಶಿ, ಇಳಿಯೂದೂ ಇಲ್ಲ. ಬಾಜೂಕ ಹಾಯ್ದು ಹೋಗಿ ಹೋಗಿ ಬರ್ತದ. ಒಂದು ತರಂಗ ಬಿಡ್ತದ, ಒಳಗಿಂದ ಏನು ವಾಪಸ್ ಬರ್ತದ ಅಂತ ಕೇಳ್ತದ."

ಜಗದೇವಿ ದುರ್ಬೀನು ಬಿಡಲೊಲ್ಲಳು. ಹಂಗೇ ಕಣ್ಣಿಗಿಟ್ಟುಕೊಂಡೇ ಹೇಳಿದಳು: "ಹುಮನಾಬಾದ್ ಕ್ಯಾಂಪಿನಾಗ ತಂಬಿಗಿ ಒಂದು ತೂತಿತ್ತು. ಸರಿಯಾಗಿ ನನ್ನ ತಲಿ ಮ್ಯಾಲ. ಮಳಿ ಬಂದ್ರ ಪುಸ್ತಕ ಎದಿಗಿ ಅವಚಿಕೊಂಡು ಕೂಡ್ತಿದ್ದೆ. ಮಳಿ ಇಲ್ಲದಾಗ ಅದ್ರಾಗ ಒಂದು ಚುಕ್ಕಿ ಬರ್ತಿತ್ತು. ಮೊದಲನೇ ಅಂಕದಾಗ ಈ ಕಡಿ ಅಂಚಿಗಿ, ಮೂರನೇ ಅಂಕಕ್ಕ ಆ ಕಡಿ ಅಂಚಿಗಿ. ಅದು ಹ್ವಾದ್ರ ತೆರಿ ಬೀಳೂ ಹೊತ್ತಾತು ಅಂತ ತಿಳೀತಿದ್ದೆ."

ಆ ತಂಬು ನನಗೆ ನಿನ್ನೆ ಮೊನ್ನೆಯಂತೆ ನೆನಪಿದೆ. ಮುಂದಿನ ಸಾಲಿನ ಬೆತ್ತದ ಕುರ್ಚಿ, ಚಿಟಗುಪ್ಪದಿಂದ ಟ್ರ್ಯಾಕ್ಟರ್ ಏರಿ ಬಂದ ಜನ, ಮೊಹಿನುದ್ದೀನ್ ಭಾಯಿಯ ಸೋಡಾ ಬಾಟಲಿಯ ಗೋಲಿ ಸಪ್ಪಳ, ತೆರೆಯ ಮೇಲಿನ ನವಿಲು. ತೂತು ಮಾತ್ರ ನೆನಪಿಲ್ಲ.

೧೯ ಆಗಸ್ಟ್, ಮಂಗಳವಾರ

ಮಳೆ. ಅಂಗಡಿಗೆ ಗಿರಾಕಿ ಇಲ್ಲ. ಪಿಸುತಾಲೀಮು ನಡೆದಿದೆ. ಗಂಟಲಲ್ಲಿ ಮುಳ್ಳು ಸಿಕ್ಕಂತೆ ಆಗುತ್ತದೆ. ಗುಣವಾಗುವ ಮುಂಚೆ ಹಂಗೇ ಆಗುತ್ತದೆ.

ಚಂದ್ರನ ವೇಷಕ್ಕೆ ಜಗದೇವಿ ಬಿಳೇ ಕೌದಿ ಹೊಲಿಯುತ್ತಿದ್ದಾಳೆ. ಕಂಪನಿಯ ಹಳೇ ತೆರೆ, ತಪಸ್ವಿಯ ಪಂಚೆ, ವಿಧವೆ ಪಾತ್ರದ ಸೀರೆ, ಎಲ್ಲ ತುಂಡು ಕೂಡಿಸಿ, ಮೇಲೆ ಕಂದು ದಾರದಲ್ಲಿ ಉದ್ದುದ್ದ ಹೊಲಿಗೆ. ಅವೇ ಬಿರುಕು. ಸೈಮಾ ಫೋಟೋ ತೋರಿಸಿದಳು, ಥೇಟ್ ಹಾಗೇ ಇದೆ.

ಹೊಲಿಯುತ್ತ ಮಾತು ಸುರು. ಒಂದೊಂದು ತುಂಡಿಗೂ ಒಂದೊಂದು ಕಥೆ. ಈ ಪಂಚೆ ಉಟ್ಟವ ಮೋರಖಂಡಿ ಕ್ಯಾಂಪಿನಲ್ಲಿ ತಪಸ್ಸಿಗೆ ಕೂತಲ್ಲೇ ಗೊರಕೆ ಹೊಡೆದದ್ದು, ಈ ಸೀರೆಯವಳು ಗಂಡ ಸತ್ತ ಸೀನಿನಲ್ಲಿ ಬಾಯಲ್ಲಿ ಎಲೆ-ಅಡಿಕೆ ಮರೆತು ಬಂದದ್ದು. ಹುಡುಗಿಯರು ನಕ್ಕು ನಕ್ಕು ಉರುಳಿದರು. ಈಕೆಗೆ ಇಷ್ಟು ಮಾತು ಯಾವಾಗ ಬಂದವು? ನಾನು ಸುಮ್ಮನಿದ್ದೇನೆಂದು ಮನೆಯಲ್ಲಿ ಎಲ್ಲರಿಗೂ ಬಾಯಿ ಬಂದಿದೆ. ಆ ಗೊರಕೆಯ ಕಥೆ ಮಾತ್ರ ಚಲೋ ಇತ್ತು. ಅದು ನನಗೂ ಗೊತ್ತಿರಲಿಲ್ಲ, ನಾನು ಆಗ ಹೊರಗೆ ಚಹಾ ಕುಡಿಯುತ್ತಿದ್ದೆನಂತೆ.

ಆಮೇಲೆ ಬೀಸುಕಲ್ಲಿನ ಧಾಟಿಯಲ್ಲಿ ತನ್ನಷ್ಟಕ್ಕೆ ಗುನುಗಿದಳು:

ಮ್ಯಾಲ ಬರ್ಫಿನ ಕೌದಿ, ಒಳಗ ಬೆಚ್ಚನ ನೀರು
ಯಾರಿಗಿ ಹೇಳ್ಯಾಳ ಚಂದ್ರವ್ವ?

"ಆಯಿ, ನಿಮಗ ಎಷ್ಟು ಒನ್ಸ್ ಮೋರ್ ಬಂದಾವ ಕಂಪನಿಯೊಳಗ?" ಪೂನಂ ಕೇಳಿದಳು.

"ಸೈಡ್ ವಿಂಗಿನವರಿಗಿ ಯಾಂವ ಒನ್ಸ್ ಮೋರ್ ಅಂತಾನ, ಹುಚ್ಚಿ! ನನ್ನ ದನಿ ಮಂದಿಗಿ ಕೇಳಸ್ತು ಅಂದ್ರ ಮಾಲಕರು ದಂಡ ಹಾಕ್ತಿದ್ರು."

ನನಗೆ ಬಂದ ಒನ್ಸ್ ಮೋರ್‌ಗಳ ಬಗ್ಗೆ ಬರೆಯಲು ಪಾಟಿ ಎತ್ತಿಕೊಂಡೆ. ಬಳಪ ಮುಗಿದಿತ್ತು.

೨೫ ಆಗಸ್ಟ್, ಸೋಮವಾರ

ಹುಮನಾಬಾದಿಗೆ ಹೋಗಿ ಬಂದೆವು.

"ಮಾತಾಡಿದ್ರೇನು?" ಅಂದ ಡಾಕ್ಟರ. "ಒಂದೂ ಇಲ್ಲ. ಬರೀ ಪಿಸುಮಾತು," ಅಂತ ಹೆಮ್ಮೆಯಿಂದ ಬರೆದು ತೋರಿಸಿದೆ. ಅವನು ಹಣೆ ಹಣೆ ಬಡಿದುಕೊಂಡ.

"ಮಾಸ್ತರ, ಬಂದ್ ಅಂದ್ರ ಬಂದ್ರಿ! ಗಂಟಲು ಹಿಂಡಿ ಪಿಸುಗುಟ್ಟಿದ್ರ ಮಾತಾಡಿದ್ಕಿಂತ ಹೆಚ್ಚು ತ್ರಾಸು. ಮೊದಲಿಗಿಂತ ಬಾತಾವ. ಇನ್ನ ಮೂರು ವಾರ ಉಸಿರು ಬಿಟ್ರ ಬ್ಯಾರೆ ಏನೂ ಹೊರಗ ಬರಬಾರದು. ಈಗ ಒಮ್ಮೆ ಒದರಿದ್ರ ಮುಗೀತು, ಆ ದನಿ ಮತ್ತ ಬರಂಗಿಲ್ಲ."

ಹನ್ನೆರಡಕ್ಕೆ ನಾಟಕ. ಬೀಗ ತೆಗೆಯುವುದು ಹದಿನೈದಕ್ಕೆ.

ಬಸ್ಸಿನಲ್ಲಿ ಜಗದೇವಿ ಕಿಟಕಿ ಕಡೆ ಕೂತಿದ್ದಳು. ತಂಬು ಹೊಡೆಯುತ್ತಿದ್ದ ಜಾಗ ಬಂದಾಗ ನನ್ನ ಮೊಣಕೈ ತಿವಿದಳು. ಈಗ ಅಲ್ಲಿ ಟೈಲ್ಸಿನ ಅಂಗಡಿ. ನಾನು ನೋಡಲಿಲ್ಲ.

೨೬ ಆಗಸ್ಟ್

ಇವತ್ತು ನಾಟಕ ಇಲ್ಲ.

೩೦ ಆಗಸ್ಟ್, ಶನಿವಾರ

ಗುರುಗ್ರಹ ಯಾರು? ಇದೇ ಪಂಚಾಯ್ತಿ. ಸೈಮಾ ಮೊಬೈಲಿನಲ್ಲಿ ಯಾರದಾದರೂ ದನಿ ರೆಕಾರ್ಡ್ ಮಾಡೋಣ ಅಂದಳು. ಛೀ! ಸತ್ತ ದನಿ!

ಪೂನಂ ಅಂದಳು, "ಆಯಿಗಿ ಎಲ್ಲಾ ಮಾತು ಬರ್ತಾವ. ನಾ ಮರತಾಗ ಆಯಿನೇ ಹೇಳಿಕೊಡ್ತಾಳ."

"ಏ ಹೋಗ! ನಾ ಎಲ್ಲಿ, ಗುರು ಎಲ್ಲಿ! ಜೀವನದಾಗ ಒಂದು ಮಾತು ಸ್ಟೇಜಿಗಿ ಕೇಳೂವಂಗ ಆಡಿದಾಕಿ ಅಲ್ಲ ನಾ." ಜಗದೇವಿ ಎದ್ದು ಒಳಗೆ ಹೋದಳು. ಚಹಾ ಮಾಡುವ ನೆವ. ಸಕ್ಕರೆ ಎರಡು ಸಲ ಹಾಕಿ ತಂದಳು.

ನಾನು ಪಾಟಿಯ ಮೇಲೆ "ಆಗೂದಿಲ್ಲ" ಅಂತ ಬರೆದೆ. ಸೈಮಾ ಓದಿ, "ಆಗ್ತದ, ಮಾಸ್ತರ್ ಸಾಬ್. ಮೈಕ್ ಅದ," ಅಂದಳು.

ಇನ್ನು ಕೇಳು ಡೈರಿ, ನಿನಗೊಬ್ಬನಿಗೇ ಹೇಳುತ್ತೇನೆ. ಹನ್ನೆರಡನೇ ತಾರೀಖು ಮೈಕು ನನ್ನ ಕೈಗೆ ಬರುತ್ತದೆ. ಅಲ್ಲಿ ನಾನು ಗರ್ಜಿಸುತ್ತೇನೆ. ಹೋದರೆ ಹೋಗಲಿ. ರುದ್ರಸೇನ ಹಾಸಿಗೆಯಲ್ಲಿ ಸಾಯುವ ರಾಜನಲ್ಲ. ಹುಮನಾಬಾದಿನಲ್ಲಿ ಏರಿದ ದನಿ ಹುಮನಾಬಾದಿನಲ್ಲೇ ಇಳಿಯಲಿ. ಆಮೇಲೆ ಬದುಕೆಲ್ಲ ಪಾಟಿ ಹಿಡಿದುಕೊಂಡು ಇರುತ್ತೇನೆ.

೬ ಸೆಪ್ಟೆಂಬರ್, ಶನಿವಾರ

ಮೈಕು ಬಾಡಿಗೆಗೆ ತಂದಿದ್ದಾರೆ. ಜಗದೇವಿಯ ಗುರುಗ್ರಹ ಕೇಳಿದೆ. ಅಯ್ಯೋ ದೇವರೇ! ದೈತ್ಯ ಗ್ರಹವೋ, ಕೂಸು ಮಲಗಿಸುವ ಅಜ್ಜಿಯೋ! "ಎಲೌ ಹಿಮಚಂದ್ರಮೆ" ಅನ್ನುವುದನ್ನು, ಬಾಗಿಲಲ್ಲಿ ನಿಂತು ಪಕ್ಕದ ಮನೆಯವಳನ್ನು ಕರೆದಂಗೆ ಅನ್ನುತ್ತಾಳೆ. ಮೈಕಿನಲ್ಲಿ ಅವಳ ಉಸಿರು ಕೂಡ ಕೇಳುತ್ತದೆ.

ಮೀಸೆ ತಿರುವಿ, ಎದೆ ಉಬ್ಬಿಸಿ ತೋರಿಸಿದೆ. "ನನಗ ಮೀಸಿ ಎಲ್ಲಿಂದ ತರ್ಲಿ? ಅಂಗಡಿಯೊಳಗಿಂದು ಕಟ್ಟಕೊಳ್ಳಲೇನು?" ಅಂದಳು. ಹುಡುಗಿಯರು ಹೋ ಅಂದರು.

ಇರಲಿ. ನನ್ನ ಗುಟ್ಟು ನನ್ನಲ್ಲಿದೆ. ಆದರೂ ಅವಳಿಗೆ ಕಲಿಸಲು ಬೇಸರಪಡುವುದಿಲ್ಲ. ನಾಲ್ಕು ಸಲ ಕೂತು ಕೇಳಿದೆ, ತಪ್ಪು ಹಿಡಿಯಲಿಕ್ಕೆ. ಐದನೇ ಸಲವೂ ಕೇಳಿದೆ.

೧೨ ಸೆಪ್ಟೆಂಬರ್, ಶುಕ್ರವಾರ. ಹುಮನಾಬಾದಿನಿಂದ ಬಂದು

ಬರೆಯುತ್ತೇನೆ, ಎಲ್ಲ ಬರೆಯುತ್ತೇನೆ.

ಸಭಾಗೃಹ ಕಿಕ್ಕಿರಿದಿತ್ತು. ಹಿಂದಿನ ತಂಡದ ಹುಡುಗರು ಪ್ಲಾಸ್ಟಿಕ್ ರಾಕ್ಷಸನನ್ನು ಕೊಂದು ಆಗಷ್ಟೇ ಇಳಿದಿದ್ದರು. ಕಿವಿ ತೂತು ಬೀಳುವ ಗದ್ದಲ. ನನಗೆ ಹುರುಪು ಏರಿತು. ಇಂಥ ಗದ್ದಲವನ್ನು ಒಂದೇ "ಯಾರಲ್ಲಿ!"ಗೆ ಮಲಗಿಸಿದವನು ನಾನು!

ವಿಂಗಿನ ಹಿಂದೆ ಮೈಕು, ಮುಂದೆ ಜಗದೇವಿ, ಅವಳ ಮಗ್ಗಲಲ್ಲಿ ನಾನು, ನಾಟಕದ ಹಾಳೆ ಹಿಡಿದು. ಮೊಟ್ಟಮೊದಲ ಸಲ ನಾನು ಆ ಜಾಗದಲ್ಲಿ ನಿಂತದ್ದು. ಅಲ್ಲಿಂದ ರಂಗ ಅಡ್ಡಡ್ಡ ಕಾಣುತ್ತದೆ. ನಟರ ಕಿವಿ, ಬೆನ್ನು, ಬೆವರು ಕಾಣುತ್ತದೆ. ಜನ ಕಾಣುವುದಿಲ್ಲ.

ಪೂನಂ ಕೌದಿ ಹೊದ್ದು ಗುಂಡಗೆ ಕೂತಳು. ಬೆಳಕು ಬಿತ್ತು. ಬಿಳೇ ಕೌದಿ, ಕಂದು ಗೆರೆ. ಗದ್ದಲ ಇನ್ನೂ ಇತ್ತು. ಗುರುವಿನ ಮೊದಲ ಮಾತು. ನಾನು ಮೈಕಿಗೆ ಕೈ ಚಾಚಿದೆ. ಜಗದೇವಿ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಮೈಕು ಕಸಿದುಕೊಳ್ಳಲಿಲ್ಲ, ಬೇಡ ಅನ್ನಲಿಲ್ಲ. ಬದಿಗೆ ಸರಿದು ಜಾಗ ಬಿಟ್ಟಳು. ಸದಾ ಬಿಟ್ಟಂತೆ.

ಉಸಿರು ಎಳೆದುಕೊಂಡೆ. ಅಷ್ಟರಲ್ಲಿ, ಕೌದಿಯೊಳಗಿಂದ, ಪೂನಂ ತಲೆ ಹೊರಳಿಸಿ ವಿಂಗಿನ ಕಡೆ ನೋಡಿದಳು. ನನ್ನನ್ನಲ್ಲ. ಜಗದೇವಿಯನ್ನು. ಮಾತು ಮರೆತ ನಟರು ಹಾಗೆ ನೋಡುತ್ತಾರೆ. ನಾನು ಎಷ್ಟು ಸಲ ಹಾಗೆ ನೋಡಿಲ್ಲ! ಕೂಸು ಅಂಜಿತ್ತು.

ನಾನು ಮೈಕು ಜಗದೇವಿ ಕಡೆ ತಿರುಗಿಸಿದೆ. ಕೂಸಿಗಾಗಿ. ನನ್ನ ಸರದಿ ಎರಡನೇ ಮಾತಿಗೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡೆ.

"ಚಂದ್ರವ್ವ," ಅಂದಳು ಜಗದೇವಿ. ಹಾಳೆಯಲ್ಲಿ "ಎಲೌ ಹಿಮಚಂದ್ರಮೆ" ಅಂತ ಇದೆ! "ಚಂದ್ರವ್ವ, ಎದ್ದೀಯೇನ?"

ಆ ದನಿ ಸಣ್ಣದು, ಮೈಕಿನಲ್ಲಿ ಎಲ್ಲ ಕಡೆಯಿಂದ ಬಂತು, ಯಾವ ಕಡೆಯಿಂದ ಅಂತ ಹೇಳಲಾಗದು. ಗದ್ದಲ ಒಂದೊಂದೇ ಸಾಲು ಆರಿತು. ಜನ ಮುಂದಕ್ಕೆ ಬಾಗಿದಾಗ ಕುರ್ಚಿಗಳು ಕಿರ್ ಅಂದದ್ದು ನನಗೆ ಕೇಳಿತು.

ಎರಡನೇ ಮಾತು ಬಂತು, ಹೋಯಿತು. ಮೂರನೆಯದೂ. ಮುಂದಿನದಕ್ಕೆ ಅಂತ ಪ್ರತಿಸಲ ಅಂದುಕೊಂಡೆ. ಆಮೇಲೆ ಜಗದೇವಿ, ಎಂದೂ ಒಂದು ಅಕ್ಷರ ತಪ್ಪಿಸದ ಜಗದೇವಿ, ಮಾತು ಮರೆತಳು! ನನ್ನ ಕಡೆ ನೋಡಿದಳು. ನಾನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದೆ: "ನನ್ನ ಸೆಳೆತದಿಂದ ಪಾರಾಗುವೆಯಾ?" ಆದರೆ ವಿಂಗಿನಲ್ಲಿ ಕತ್ತಲೆ. ಅವಳಿಗೆ ಕಾಣಲಿಲ್ಲ. ಒಮ್ಮೆ ಗಂಟಲು ಬಿಚ್ಚಿದ್ದರೆ ಸಾಕಿತ್ತು. ಬಾಯಿ ತೆರೆದೆ ಕೂಡ.

ಅವಳು ಮೈಕಿನ ಕಡೆ ತಿರುಗಿ ಅಂದಳು: "ನಾ ಜಗ್ಗಿದಾಗ ನಿನಗ ನೋಯ್ತದೇನವ್ವ?"

ಇದು ಹಾಳೆಯಲ್ಲಿ ಇಲ್ಲ! ನಾನು ಬರೆದದ್ದಲ್ಲ! ಹಾಳೆ ತಿರುವಿ ಮುರುವಿ ಹುಡುಕಿದೆ.

ಪೂನಂ ಕೌದಿ ಬಿಗಿಯಾಗಿ ಹೊದ್ದು, "ನೋಯ್ತದ," ಅಂದಳು. "ಖರೇ, ಒಳಗ ಬೆಚ್ಚಗನೂ ಇಡ್ತದ. ಇಲ್ಲಾಂದ್ರ ಯಾವಾಗೋ ಪೂರಾ ಬರ್ಫ ಆಗ್ತಿದ್ದೆ. ಆದ್ರ ನೀ ಇಲ್ಲೀತನಕ ಕೇಳಿದ್ದೇ ಇಲ್ಲ."

ಸಭೆಯಲ್ಲಿ ಉಸಿರಿನ ಸಪ್ಪಳ ಇಲ್ಲ. ನಲವತ್ತು ವರ್ಷದಲ್ಲಿ ಇಂಥ ನಿಶ್ಶಬ್ದ ನಾನು ಕೇಳಿಲ್ಲ. ನನ್ನ ನಾಟಕಕ್ಕೆ ಜನ ಶಿಳ್ಳೆ ಹೊಡೆಯುತ್ತಿದ್ದರು.

ತೆರೆ ಬಿತ್ತು. ಎರಡನೇ ಬಹುಮಾನ ಬಂತು. ಪ್ಲಾಸ್ಟಿಕ್ ರಾಕ್ಷಸನಿಗೆ ಮೊದಲನೆಯದು. ಸೈಮಾ ಸಿಟ್ಟಾದಳು. ಜಗದೇವಿ ಬಸ್ಸಿನಲ್ಲಿ ಕೌದಿ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋದಳು.

ಮೈಕು ಯಾಕೆ ಕೊಟ್ಟೆ ಅಂತ ಡೈರಿಗೆ ಉತ್ತರ ಹೇಳಬೇಕಲ್ಲ. ಮೈಕು ಸಣ್ಣದಿತ್ತು. ನನ್ನ ದನಿಗೆ ಸಿಡಿದುಹೋಗುತ್ತಿತ್ತು. ಬಾಡಿಗೆ ಮಾಲು.

೧೫ ಸೆಪ್ಟೆಂಬರ್, ಸೋಮವಾರ

"ಗಂಟು ಕರಗ್ಯಾವ," ಅಂದ ಡಾಕ್ಟರ. "ಇವತ್ತಿಂದ ಸಾವಕಾಶ ಮಾತಾಡ್ರಿ. ಒದರಬ್ಯಾಡ್ರಿ ಮತ್ತ!" ಒಂದು ಮಾತು ಆಡಿ ತೋರಿಸಿ ಅಂದ. ತಲೆ ಅಲ್ಲಾಡಿಸಿದೆ. ಆರು ವಾರ ಕಾದ ದನಿಯ ಮೊದಲ ಮಾತು ದವಾಖಾನೆಯಲ್ಲಿ ಖರ್ಚು ಮಾಡುವ ಮೂರ್ಖ ನಾನಲ್ಲ. ಮನೆಯಲ್ಲಿ, ನಡುಮನೆಯಲ್ಲಿ ನಿಂತು, ರುದ್ರಸೇನನ ಪ್ರವೇಶದ ಮಾತು! ಸಾವಕಾಶವಾಗಿಯೇ, ಆದರೆ ರಾಜನಂತೆ. ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಒರೆ ಹಚ್ಚಿದೆ.

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಜಗದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ನನ್ನ ಕಡೆ. ಬಡಿತದ ತಾಳಕ್ಕೆ ಹಾಡುತ್ತಿದ್ದಳು. ಅವೇ ಎರಡು ಸಾಲು ಈಗ ಬೆಳೆದಿದ್ದವು:

ಮ್ಯಾಲ ಬರ್ಫಿನ ಕೌದಿ, ಒಳಗ ಬೆಚ್ಚನ ನೀರು
ಯಾರಿಗಿ ಹೇಳ್ಯಾಳ ಚಂದ್ರವ್ವ?
ತಂಬಿನ ತೂತಿನಾಗ ಹಾದು ಹ್ವಾದಳು ಒಮ್ಮೆ
ತೆರಿ ಬೀಳೂತನಕ ಇದ್ದಳವ್ವ

ನಾನು ಎದೆ ಉಬ್ಬಿಸಿ ನಿಂತಿದ್ದೆ, "ಯಾರಲ್ಲಿ!" ನಾಲಿಗೆಯ ತುದಿಯಲ್ಲಿತ್ತು. ಹಾಡಿನ ನಡುವೆ ಪ್ರವೇಶ ಮಾಡುವುದು ಕಂಪನಿಯಲ್ಲಿ ತಪ್ಪು. ನಿಂತೆ. ಹಾಡು ಮುಗಿಯಿತು. ರೊಟ್ಟಿ ಹೆಂಚಿಗೆ ಬಿತ್ತು.

ಬಾಯಿ ತೆರೆದೆ. ಬಂದದ್ದು ಬೇರೆಯೇ.

"ಒನ್ಸ್ ಮೋರ್."

ಇಷ್ಟೇ ಇಷ್ಟು ದನಿ. ಹುಡಗಿಯ ಎತ್ತು ಇರಲಿ, ಹಿತ್ತಲಿಗೂ ಕೇಳದ್ದು.

ಅವಳ ಕೈ ನಿಂತಿತು. ತಿರುಗಲಿಲ್ಲ. "ಯಾಂವ ಅಂವ, ಹಿಂದಿನ ಸಾಲಿನಾಂವ?" ಅಂದಳು. ದನಿ ಸ್ವಲ್ಪ ತೊದಲಿತು. "ಜೋರ ಅನ್ನಬೇಕಪಾ, ಕೇಳಸಂಗಿಲ್ಲ."

"ಡಾಕ್ಟರು ಒದರಬ್ಯಾಡ ಅಂದಾರ," ಅಂದೆ.

ರೊಟ್ಟಿ ಸೀದ ವಾಸನೆ ಬಂತು. ಅದನ್ನು ಮಗುಚಿ ಹಾಕಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಸ ಹಿಟ್ಟು ಕೈಗೆ ತಗೊಂಡಳು. ಕಂಪನಿಯ ಕಾಯ್ದೆ ಅವಳಿಗೂ ಗೊತ್ತು.

ಮೊದಲಿನಿಂದ ಹಾಡಿದಳು.